ನೂರೈದು

ಅರಿಕಾದಿಂದ ಬಂದವನ ಮುಖ ಇಳಿದಿತ್ತು.
ದಾರಿಯುದ್ದಕ್ಕೂ ಏದುಸಿರು ಬಿಟ್ಟಿದೆ ಪಿಕಪ್ಪು,
ಕೊನೆಯ ಏರಿನಲ್ಲಿ ಆಲೂಗಡ್ಡೆ ಮೂಟೆ ಹೊತ್ತ ಮುದುಕಿ
ನಡೆದೇ ದಾಟಿ ಮುಂದೆ ಹೋದಳಂತೆ.
'ಎಂಜಿನ್ ಮುಗೀತು' ಅಂದ.
ಕಡಲ ಮಟ್ಟದವನು; ಎಲ್ ಆಲ್ಟೊದ ಚಳಿಗೆ
ಅಷ್ಟು ಹೇಳಲೂ ಎರಡು ಸಲ ನಿಂತ.

ದೋನ್ಯಾ ನೀವೆಸ್ ಮಾತಾಡಲಿಲ್ಲ.
ನಾಲ್ಕೂ ಪ್ಲಗ್ಗು ಬಿಚ್ಚಿ ನನ್ನ ಟೋಪಿಯೊಳಗೆ ಹಾಕಿದಳು,
ಮೊದಲ ತೂತಿಗೆ ಗೇಜು ತಿರುಗಿಸಿ
'ಆಕ್ಸಿಲರೇಟರ್ ಪೂರ್ತಿ ತುಳಿ. ಐದು ಸುತ್ತು.'
ಮುಳ್ಳು ಎದ್ದಿತು, ಮಂಡಿನೋವಿನವರು ಮೆಟ್ಟಿಲು ಹತ್ತುವ ಹಾಗೆ
ನಿಂತು, ನಿಂತು,
ನೂರೈದರಲ್ಲಿ ಕೂತಿತು.
ಎರಡನೆಯದೂ ನೂರೈದು. ಮೂರನೆಯದು ನೂರಮೂರು.
ನಾಲ್ಕು, ಮತ್ತೆ ನೂರೈದು.

'ಊರಲ್ಲಿ ನೂರೆಪ್ಪತ್ತಿತ್ತು' ಅಂದ,
ತೀರಿಹೋದವರ ವಯಸ್ಸು ಹೇಳುವ ದನಿಯಲ್ಲಿ.

'ಒಬ್ಬನೇ ಇಳಿದರೆ ರೋಗ.
ನಾಲ್ವರೂ ಒಟ್ಟಿಗೆ ಇಳಿದರೆ ಹವಾ.'
ಸೀಮೆಸುಣ್ಣ ತೆಗೆದು ಷಟರಿನ ಮೇಲೆ ಬರೆದಳು:
ಒಂಬತ್ತಕ್ಕೆ ಒಂದು.
'ಇದು ಕಬ್ಬಿಣ ಕೊಟ್ಟ ಮಾತು.
ಒಂಬತ್ತು ಪಾಲು ಜಾಗವನ್ನ ಒಂದು ಪಾಲು ಮಾಡ್ತೀನಿ ಅಂತ.
ಅಲ್ಲೂ ಮಾಡ್ತು, ಇಲ್ಲೂ ಮಾಡ್ತಿದೆ.
ಆದರೆ ಜಾಗದೊಳಗೆ ಏನಿತ್ತು?
ಅದೇ ಪೆಟ್ಟಿಗೆ, ಅದೇ ಮುಚ್ಚಳ;
ನಿಮ್ಮಲ್ಲಿ ಒಂಬತ್ತು ಕಂಬಳಿ ತುರುಕಿದರೆ
ನಮ್ಮ ಪಾಲಿಗೆ ಐದೂವರೆ.
ಮುಚ್ಚಳ ಅದುಮೋ ಕೈಗೆ ಗೊತ್ತಾಗುತ್ತೆ.'

ನಾನು ಸುಮ್ಮನಿರಬೇಕಿತ್ತು.
'ಹೆಡ್ಡು ತೇಯ್ದು ಹನ್ನೊಂದಕ್ಕೆ ಒಂದು ಮಾಡಿದರೆ?'

ಅವಳ ಕೈಯ ಬಟ್ಟೆ ನಿಂತಿತು.
ಗೋಡೆಯ ಮೊಳೆಗೆ ತೂಗುಹಾಕಿದ ಪಿಸ್ಟನ್ನು,
ನೆತ್ತಿಯಲ್ಲಿ ನಾಣ್ಯ ತೂರುವಷ್ಟು ತೂತು,
ನಾನದನ್ನು ಮೊಳೆಗೆಂದೇ ಕೊರೆದದ್ದು ಅಂದುಕೊಂಡಿದ್ದೆ.

'ನನ್ನ ತಮ್ಮ ಎವಾರಿಸ್ಟೊ ತೇಯ್ಸಿದ.
ಒಂದು ವಾರ ಈ ಬೀದಿಯಲ್ಲಿ ಅವನನ್ನ ಹಿಡಿಯೋರಿಲ್ಲ.
ಆಮೇಲೆ ಬಂದರಿಗೆ ಇಳಿದ.
ಇಳಿಯುವಾಗ ಏನೂ ಇಲ್ಲ, ಕಾಲು ಬ್ರೇಕಿನ ಮೇಲೆ.
ಸಿಮೆಂಟು ಹೇರಿಕೊಂಡು ವಾಪಸು ಹೊರಟನಲ್ಲ,
ಮೊದಲನೇ ಏರು,
ಕಡಲ ದಪ್ಪ ಗಾಳಿ ಹೊಟ್ಟೆ ತುಂಬ,
ಅಗ್ಗದ ಪೆಟ್ರೋಲು.
ಕಿಡಿಯ ಬೆಂಕಿ ಮೂಲೆಗೆ ಮುಟ್ಟೋ ಮೊದಲೇ
ಮೂಲೆ ತಾನಾಗಿ ಹೊತ್ತಿಕೊಳ್ತು.
ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು.
ರೇಡಿಯೋ ಜೋರು ಮಾಡಿದನಂತೆ, ಪುಣ್ಯಾತ್ಮ.'

ಪಿಸ್ಟನ್ನು ಬಸ್ಸಿನಲ್ಲಿ ಬಂತು, ಪತ್ರಿಕೆಯಲ್ಲಿ ಸುತ್ತಿ.
ಅವನು ಬರಲಿಲ್ಲ.
ಅಲ್ಲೇ ಮೀನು ಕೊಯ್ಯುತ್ತಾನೆ, ಈಗ ದಪ್ಪಗಾಗಿದ್ದಾನೆ.

ಪ್ಲಗ್ಗು ಒರೆಸಿ ಕೂರಿಸಿದೆವು.
ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ
ಎರಡು ಗೀಟು ಹಾಕಿದಳು: ಬಿಳಿಯದು ಬೆಟ್ಟಕ್ಕೆ,
ಕೆಂಪು ಸಮುದ್ರಕ್ಕೆ.
'ಇಳಿಯೋ ಮುಂಚೆ ಕೆಂಪಿಗೆ ತಿರುಗಿಸು. ಮರೀಬೇಡ.'

ಅವನಿಗೆ ಕೋಕಾ ಎಲೆಯ ಚಹಾ ಕೊಟ್ಟು
ಟೈರಿನ ಮೇಲೆ ಕೂರಿಸಿದೆ.
ಗೇಜಿನ ಗುಂಡಿ ಒತ್ತಿದೆ;
ನೂರೈದೂ ಉಸ್ಸೆಂದು ಹೊರಗೆ ಬಂದು
ನಮ್ಮ ಗಾಳಿಯಲ್ಲಿ ಬೆರೆಯಿತು.
ಅವನು ಅದನ್ನೇ ಒಳಗೆಳೆದುಕೊಂಡು,
ಸಾಲದೆ, ಮತ್ತೊಮ್ಮೆ ಎಳೆದುಕೊಂಡ.