ಕೈ ಮಾತ್ರ ನನ್ನದು

ಹೆಸರು ಕೊರಾಂತೆ. ಬೈತಕೋಲದ ಬಾಯಿಗೆ ಅದು ದಕ್ಕಲಿಲ್ಲ,
ಎರಡೇ ದಿನದಲ್ಲಿ ಕೊರತೆ ಸಾಯ್ಬನಾದ.
ಅರ್ಥ ಯಾರೋ ಹೇಳಿಕೊಟ್ಟರು. ನಕ್ಕ.
ಸರಿಯಾಗಿದೆ, ಹಾಗೇ ಕರೀರಿ ಅಂದ.

ಟೀವಿಯಲ್ಲಿ ಅವನನ್ನು ನೋಡದವರು ಯಾರು?
ಭಾನುವಾರ ಏಳೂವರೆ, ಬಿಳಿ ಟೊಪ್ಪಿ, ಕೆಂಪು ಮೂಗು,
ಎಡವಿ ಬೀಳುವ ಹಿಂದಿ. ಅದಕ್ಕೇ ನಗುತ್ತಿದ್ದೆವು.
ಆಮೇಲೆ ತಿಳಿಯಿತು, ಹಿಂದಿ ಅವನಿಗೆ ಚೊಕ್ಕ ಬರುತ್ತಿತ್ತು,
ಮುಂಬೈ ಹೋಟೆಲಿನಲ್ಲಿ ಹದಿನೆಂಟು ವರ್ಷ
ಹುಡುಗರಿಗೆ ಬೈದು ಬೈದು ಕಲಿತದ್ದು.
ಚಾನೆಲಿನವರು ಸಂಬಳ ಕೊಟ್ಟದ್ದು ತಪ್ಪು ಹಿಂದಿಗೆ.
ಸರಿಯಾಗಿ ಮಾತಾಡಿದ ದಿನ ಮತ್ತೊಮ್ಮೆ ಶೂಟಿಂಗು.

ಕೋಡಿಬಾಗದ ಬಾಡಿಗೆ ಮನೆಗೆ ಬರುವಾಗ
ಕೈ ನಡುಗುತ್ತಿತ್ತು. ಚಳಿಯಲ್ಲ, ಕುಡಿತವಲ್ಲ,
ಕಟ್ಟು ಸಡಿಲಾದ ಹುಟ್ಟಿನ ಹಾಗೆ, ತನ್ನಷ್ಟಕ್ಕೆ.
ಇಪ್ಪತ್ತಾರು ಕಂತು ಬಾಕಿ. ಮುಖ ಇತ್ತು.

ಮೀನು ಮಾರ್ಕೆಟಿನಲ್ಲಿ ನಾಲ್ಕು ದಿನ ಕೈ ಹುಡುಕಿದರು.
ನಾನು ಇಸ್ವಣ ಕೊಯ್ಯುವುದನ್ನು ನೋಡಿ ನಿಂತರು.
ಹಗ್ಗ ಎಳೆದ ಅಂಗೈ, ಐಸು ತಿಂದ ಉಗುರು.
ಗಂಡಸಿನ ಕೈಯೇ, ಅಂದ ಡೈರೆಕ್ಟರು.
ಬೈಗುಳವೋ ಹೊಗಳಿಕೆಯೋ, ಬಳೆ ಬಿಚ್ಚಿಟ್ಟೆ.
ಮೊಣಕೈ ತನಕ ಬಿಳಿ ಬಣ್ಣ ಬಳಿದರು.
ನನ್ನ ಜನ್ಮದಲ್ಲಿ ವೇಷ ಕಟ್ಟಿದ್ದು ಅದೊಂದೇ,
ಅದೂ ಕೈಗೆ ಮಾತ್ರ.

ಮೆಟ್ಟುಕತ್ತಿ ಬೇಡ, ಚೂರಿ ಹಿಡಿ ಅಂದ.
ನಮ್ಮಲ್ಲಿ ಕತ್ತಿ ನಿಂತಿರುತ್ತದೆ, ಮೀನು ನಡೆಯುತ್ತದೆ;
ಅವನಲ್ಲಿ ಮೀನು ಮಲಗಿರುತ್ತದೆ, ಕತ್ತಿ ನಡೆಯುತ್ತದೆ.
ತಿಂಗಳು ಹಿಡಿಯಿತು, ಮೂರು ಬೆರಳಿಗೆ ಪಟ್ಟಿ.
ಜುಮ್ಮನಕಾಯಿಯ ವಿಷಯದಲ್ಲಿ ಮಾತ್ರ ನಾನು ಸೋಲಲಿಲ್ಲ:
ಬೀಜ ತೆಗೆಯಿರಿ, ನೀರಲ್ಲಿ ಜಜ್ಜಿ, ಕೊನೆಗೆ ಹಾಕಿ.
ನಡುಗುವ ಅಕ್ಷರದಲ್ಲಿ ಬರೆದುಕೊಂಡ.
ಮರುದಿನ ಕ್ಯಾಮೆರಾದೆದುರು, ಇದು ನನ್ನ ಗುಟ್ಟು ಅಂದ.

ತಾರ್ಲೆಯ ದಿನ ನಾನು ಚೂರಿ ಮರೆತೆ.
ಹೆಬ್ಬೆರಳ ಉಗುರಲ್ಲಿ ತಲೆ ಚಿವುಟಿ
ಕರುಳು ಸಮೇತ ಎಳೆದೆ, ಒಂದು, ಇನ್ನೊಂದು, ಅರ್ಧ ಬುಟ್ಟಿ.
ಕಟ್, ಅಂದ.
ಅದು ಅವನು ಹೇಳುವ ಮಾತಲ್ಲ.

ಸಂಜೆ ಹಿತ್ತಲ ಮೆಟ್ಟಿಲಲ್ಲಿ ಕೂತು ಹೇಳಿದ, ಸರಿ ಹಿಂದಿಯಲ್ಲಿ.
ಅವನದೂ ಬಂದರಿನ ಊರು, ಮೀನು ಡಬ್ಬಿಗೆ ತುಂಬುವ ಕಾರ್ಖಾನೆ.
ದೋಣಿ ಮುಟ್ಟಿದರೆ ನಡುರಾತ್ರಿಯೂ ಸೈರನ್ನು,
ಆಯಿ ಮರದ ಮೆಟ್ಟು ಟಕಟಕಿಸುತ್ತ ಓಡುವಳು.
ಬೆಳಗ್ಗೆ ತಲೆ ಸವರಿದರೆ ಕೂದಲೆಲ್ಲ ತಾರ್ಲೆ.
ಶಾಲೆಯಲ್ಲಿ ಅವನಿಗೊಂದು ಬೇರೆ ಬೆಂಚು.
ಹದಿನಾಲ್ಕಕ್ಕೆ ಹಡಗು, ಆಲೂಗಡ್ಡೆಯ ಗುಡ್ಡ,
ಆಮೇಲೆ ಪ್ಯಾರಿಸಿನ ನೆಲಮಾಳಿಗೆ,
ಏಳು ವರ್ಷ ಬಿಸಿಲು ಕಾಣದೆ ಸಾರು ಕುದಿಸಿದ್ದು.
ನಲವತ್ತು ವರ್ಷ ನಿಂಬೆ ಹಿಂಡಿ ಕೈ ತೊಳೆದೆ ಅಂದ.
ಈಗ ಮೂಸಿದ. ಏನೂ ಇಲ್ಲವಂತೆ.
ನಾನೇನು ಹೇಳಲಿ? ಕೊನೆಯ ಬಸ್ಸಿಗೆ ಹೊತ್ತಾಗಿತ್ತು.
ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವತ್ತೂ ಖಾಲಿ,
ಬುಟ್ಟಿ ಇಡಲಿಕ್ಕೆ ಅನುಕೂಲ.

ಹೋದ ಶ್ರಾವಣದಲ್ಲಿ ತೀರಿಕೊಂಡನಂತೆ, ಎಲ್ಲಿಯೋ.
ಟೀವಿಯಲ್ಲಿ ಮೂರು ನಿಮಿಷ ತೋರಿಸಿದರು.
ಮುಖ, ಕೈ, ಮುಖ, ಕೈ.
ಎಂಥ ಕೈ ನೋಡೇ ಅವನದು, ಅಂದಳು ಪಕ್ಕದ ಮನೆಯ ಲೂರ್ದಿನಾ.
ಬಿಳಿ ಬಣ್ಣದಡಿ ತೊರಕೆ ಮುಳ್ಳಿನ ಗಾಯ
ನನಗೆ ಕಾಣುತ್ತಿತ್ತು. ಹೂಂ ಅಂದೆ.

ಅದು ಬೆಳಚಿನ ಸಾರಿನ ಕಂತು.
ಅವತ್ತು ಗಡಿಬಿಡಿಯಲ್ಲಿ ಎರಡು ಸಲ ಉಪ್ಪು ಹಾಕಿದ್ದೆ.
ಅವನು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ,
ನಿಧಾನ ನುಂಗಿ,
ಆಹಾ ಅಂದ.