ಗಡಿಯಾರ ಹಿಂದಿದೆ

ಗುತ್ತಲು ರಸ್ತೆಯ ಟ್ರಾನ್ಸ್‌ಫಾರ್ಮರು ಢಂ ಎಂದಾಗ
‘ಶಿವಾಧೀನರಾದ ಕಾರಣ’ ಎಂಬಲ್ಲಿಗೆ ಬಂದಿದ್ದೆ.
ಪರದೆ ನೀಲಿಗಟ್ಟಿತು, ಏನೋ ಇಂಗ್ಲಿಷು ಗೊಣಗಿ
ಕಪ್ಪಾಯಿತು.
ಮುಕ್ಕಾಲು ಗಂಟೆ ಮೇಣದಬತ್ತಿ.
ಕರೆಂಟು ಬಂತು, ಕಂಪ್ಯೂಟರೂ ಎದ್ದಿತು
ಜ್ವರ ಬಿಟ್ಟವರ ಹಾಗೆ, ಗೋಡೆ ಹಿಡಿದು ಹಿಡಿದು.
ಮೊದಲ ಮೂರು ಸಾಲು ಉಳಿದಿದ್ದವು. ಮಿಕ್ಕದ್ದು ಮತ್ತೆ ಹೊಡೆದೆ.
ಇಂಟರ್‌ನೆಟ್ಟು ಮಾತ್ರ ಏಳಲಿಲ್ಲ.

ಎದುರಿಗೆ ಸ್ಟೂಲಿನ ಮೇಲೆ ಜಯಶೀಲ.
‘ಮುಬೀನಕ್ಕ, ಒಂಬತ್ತಕ್ಕೆ ಬಾಗಿಲು ಹಾಕ್ತರಂತೆ
ಮೈಸೂರು ಪ್ರೆಸ್ಸಲ್ಲಿ. ಅಪ್ಪನ ಫೋಟೋನೂ ಮೇಲಲ್ಲೇ ಐತೆ’
ಎಂದವಳು, ತಾನಾಡಿದ ಮಾತಿಗೆ ತಾನೇ ಬೆಚ್ಚಿ
ಸೂರು ನೋಡಿದಳು.
ಫೋನಿನಲ್ಲಿ ಒಂದೇ ಕಡ್ಡಿ, ಅದೂ ಬಂದು ಹೋಗುವ ನೆಂಟ.

ಪೆಟ್ಟಿಗೆಯ ಮೇಲೆ ನಾಲ್ಕೂ ದೀಪ ಹಸಿರು.
ವೈರು ಕಿತ್ತೆ, ದುಪಟ್ಟಾದ ತುದಿಯಲ್ಲಿ ಮೂತಿ ಒರೆಸಿದೆ,
ಟಕ್ ಎನ್ನುವವರೆಗೆ ಒತ್ತಿದೆ.
ಆರಿಸಿ, ಮೂವತ್ತು ಎಣಿಸಿ, ಹಚ್ಚಿದೆ.
ಮೂವತ್ತು ಸಾಲದೆಂದು ಅರವತ್ತು ಎಣಿಸಿದೆ.
ಫೈಬರಿನ ಸಿದ್ದರಾಜು ಫೋನಲ್ಲಿ:
‘ನಮ್ ಕಡೆಯಿಂದ ಎಲ್ಲಾ ಸರಿಯಾಗೈತೆ ಮೇಡಂ.’
ಈ ಊರಲ್ಲಿ ಯಾರ ಕಡೆಯಿಂದ ತಾನೆ ಏನು ಸರಿಯಿಲ್ಲ?
ನಾಲೆ ಸರಿ, ತೂಬು ಸರಿ,
ನೀರೊಂದು ಬರುವುದಿಲ್ಲ.

ಕಪ್ಪು ಕಿಟಕಿ ತೆರೆದು ಪಿಂಗ್ ಎಂದು ಕೂಗಿ ನೋಡಿದೆ.
ನಾಲ್ಕು ಕೂಗಿಗೆ ನಾಲ್ಕು ಸಲ ಓಗೊಟ್ಟಿತು.
ದಾರಿ ಇದೆ, ಮನೆ ಇದೆ, ಒಳಗೆ ಜನ ಇದ್ದಾರೆ.
ಆದರೆ ಮೇಲು, ಬ್ಯಾಂಕು, ರೈಲು, ಯಾವ ಕದ ತಟ್ಟಿದರೂ
ಪರದೆ ನನ್ನ ಕೈ ಹಿಡಿದೆಳೆಯುತ್ತದೆ:
ಬೇಡ, ಇದನ್ನು ನಂಬಬೇಡ.
ಊರೆಲ್ಲ ಸುಳ್ಳು ಅಂದಾಗಲೇ
ಅನುಮಾನ ಬರಬೇಕಿತ್ತು ನನಗೆ, ಅನ್ನುವವನ ಮೇಲೆ.

ಕಂಡವಳು ಜಯಶೀಲ. ಮೌಸು ಮುಟ್ಟಿದವಳಲ್ಲ.
ಪರದೆಯ ಬಲಮೂಲೆಗೆ ಬೆರಳಿಟ್ಟು:
‘ಅಕ್ಕ, ಇದ್ಯಾಕೆ ಎರಡು ಸಾವಿರದ ಒಂಬತ್ತು ಅಂತೈತೆ?’

ಜನವರಿ ಒಂದು, ಎರಡು ಸಾವಿರದ ಒಂಬತ್ತು.
ಒಳಗಿನ ಸೆಲ್ಲು ಸತ್ತಿದೆ, ರೂಪಾಯಿ ಬಿಲ್ಲೆಯಷ್ಟಗಲದ್ದು.
ಕರೆಂಟು ಹೋದೊಡನೆ ಇದು ಓಡಿಹೋಗಿ
ತಾನು ಹುಟ್ಟಿದ ದಿನದೊಳಗೆ ಕೂತುಬಿಟ್ಟಿದೆ.
ಲೋಕದ ಬಾಗಿಲುಗಳ ಮೇಲಿನ ಮೊಹರೆಲ್ಲ
ಇದರ ಲೆಕ್ಕಕ್ಕೆ ಇನ್ನೂ ಒತ್ತದ ಮೊಹರು.
ತಾರೀಖು ನೀನೇ ಸರಿಮಾಡಿಕೊ ಅಂದರೆ ಇಂಟರ್‌ನೆಟ್ಟು ಎಲ್ಲಿ ಅನ್ನುತ್ತದೆ,
ಇಂಟರ್‌ನೆಟ್ಟು ಕೇಳಿದರೆ ಮೊದಲು ತಾರೀಖು.
ಹುಚ್ಚು ಬಿಡದೆ ಮದುವೆಯಿಲ್ಲ,
ಮದುವೆಯಾಗದೆ ಹುಚ್ಚು ಬಿಡದು.

ಕೈಯಿಂದಲೇ ತಿದ್ದಬೇಕು. ವರ್ಷದ ಬಾಣದ ಮೇಲೆ ಬೆರಳು.
‘ತಡೀರಿ’ ಎಂದಳು ಜಯಶೀಲ.
ಯಾಕೆಂದು ಕೇಳಲಿಲ್ಲ ನಾನು.
ಒಂಬತ್ತರ ಜನವರಿಯಲ್ಲಿ ಕರಿಗೌಡರು
ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿದ್ದರು.
ಗಾಡಿ ಏರಿಸುವಾಗ ಎತ್ತುಗಳನ್ನು ಹೆಸರು ಹಿಡಿದು ಕರೆಯುವರು,
ರಾತ್ರಿ ಪಾಳಿ ಮುಗಿಸಿ ಬಂದರೆ ಅಂಗಿಯ ತೋಳಿನಲ್ಲಿ
ಕಾಕಂಬಿ ವಾಸನೆ.
ಬಹುಶಃ ಅದೇ ಇರಬೇಕು. ಬೇರೆ ಏನಾದರೂ ಇರಬಹುದು.
ಗೋಡೆ ಗಡಿಯಾರದಲ್ಲಿ ಎಂಟೂ ನಲವತ್ತು.
ಸೆರಗಿನಿಂದ ಮೂಗೊರೆಸಿ
‘ಹಾಕ್ಬುಡಿ ಅಕ್ಕ’ ಎಂದಳು.

ಹತ್ತು, ಹನ್ನೊಂದು, ಹನ್ನೆರಡು. ಬಾಣ ಒತ್ತುತ್ತ ಹೋದೆ,
ಒಂದೊಂದು ಒತ್ತಿಗೂ ಒಂದೊಂದು ಕಬ್ಬಿನ ಕಟಾವು.
ಇವತ್ತಿಗೆ ಬಂದು ನಿಂತೆ, ಅವರು ಹೋದ ಆರನೇ ದಿನಕ್ಕೆ.
ಕದ ತೆರೆಯಿತು.
ಫೋಟೋ ಮೇಲಿನಿಂದ ಇಳಿಯಿತು ನಿಧಾನಕ್ಕೆ:
ಹಣೆ, ಕಣ್ಣು, ಮೀಸೆ, ಇಸ್ತ್ರಿಯಿಲ್ಲದ ಕಾಲರು.
ಎಂಟೂ ಐವತ್ತೆಂಟಕ್ಕೆ ಕಾರ್ಡು ಹೋಯಿತು.

ಸೆಲ್ಲಿಗೆ ಪೇಟೆ ಬೀದಿಯ ವಾಚಿನಂಗಡಿಯಲ್ಲಿ ನಲವತ್ತು ರೂಪಾಯಿ,
ತೆಗೆಯುವುದು ಹತ್ತೂವರೆಗೆ.
ಅಲ್ಲಿಯತನಕ ಕರೆಂಟು ಹೋದಾಗಲೆಲ್ಲ
ಇದಕ್ಕೆ ಇವತ್ತನ್ನು ಮತ್ತೆ ಹೇಳಿಕೊಡಬೇಕು.
ಮೇನ್ ಸ್ವಿಚ್ಚು ಆರಿಸದೆ ಮಲಗಿದೆ.

ಎರಡು ಗಂಟೆ ಸುಮಾರಿಗೆ
ಫ್ಯಾನು ನಿಂತಿತು.