ಎಂಟು ರೂಪಾಯಿ ಬಾಕಿ

ಟಿಕೆಟಿನ ಬೆನ್ನಿಗೆ ‘ಎಂಟು’ ಎಂದು ಗೀಚಿ
ಇಳಿವಾಗ ಕೇಳು ಅಂದಿದ್ದೆ. ಹುಡುಗಿ ಇಳಿದೇಬಿಟ್ಟಳು.
ಸುಂಟಿಕೊಪ್ಪದಲ್ಲಿ ನಮ್ಮ ಗಾಡಿಗೆ ಹನ್ನೆರಡು ನಿಮಿಷ.
ಡ್ರೈವರ್ ಚಾಕ್ಕೆ ಹೋದ. ನಾನು ಚಿಲ್ಲರೆ ಹಿಡಿದು
ಸಂಶೀರನ ಮೊಬೈಲ್ ಅಂಗಡಿಯ ಮೆಟ್ಟಿಲು ಹತ್ತಿದೆ,
ಅವಳ ನೀಲಿ ಯೂನಿಫಾರ್ಮು ಅಲ್ಲೇ ಮಾಯವಾದದ್ದು ಕಂಡು.

ಮೇಲೊಂದು ಕೋಣೆ. ಗೋಡೆಯಗಲ ಟಿ.ವಿ.
ನೆಲದ ಮೇಲೆ ಕಪ್ಪು ಹಲಗೆ, ಎರಡೂ ತುದಿ ಮೂಗೆತ್ತಿದ್ದು.
ಚಕ್ರವಿಲ್ಲ. ‘ಮುರಿದಿದೆಯಾ?’ ಅಂದೆ. ಮಕ್ಕಳು ಬಿದ್ದು ನಕ್ಕರು.
ಚಕ್ರವೆಲ್ಲ ಒಳಗಂತೆ, ಟಿ.ವಿ.ಯಲ್ಲಿ;
ಇಲ್ಲಿ ನಿಂತವನು ಬರೀ ವಾಲಬೇಕಂತೆ,
ಅಲ್ಲೊಬ್ಬ ಹೆಲ್ಮೆಟ್ಟಿನವ ಜಾರುತ್ತಾನೆ,
ಮೆಟ್ಟಿಲಿಳಿಯುತ್ತಾನೆ
ಮೆಟ್ಟಿಲು ಮುಟ್ಟದೆ.

ಹಲಗೆಯ ಪಕ್ಕೆಗೆ ಸಣ್ಣ ಸಣ್ಣ ಕಣ್ಣುಗಳಿವೆ.
ಸಂಶೀರನ ಬೆಕ್ಕು ಬಾಲವೆತ್ತಿ ಸುಳಿದರೆ
ಕೈ ಬಂತೆಂದು ನಂಬಿ ಒಳಗಿನವ
ನಡುಗಾಳಿಯಲ್ಲಿ ಹಲಗೆ ಹಿಡಿದು ಲಾಗ ಹಾಕುತ್ತಾನೆ.
ಬೆಕ್ಕಿಗೆ ನಾನೂರು ಪಾಯಿಂಟು.

ರಿಫಾನ ಅದರ ಮೇಲೆ ಸಾಕ್ಸಿನಲ್ಲಿ ನಿಂತಿದ್ದಳು,
ಬಸ್ಸಿನಲ್ಲಿ ಸೀಟಿಲ್ಲವೆಂದು ಗೊಣಗುವ ಅದೇ ಹುಡುಗಿ.
‘ತಗೋ ನಿನ್ನ ಎಂಟು.’
‘ಹತ್ತು ನಿಮಿಷಕ್ಕೆ ನಲವತ್ತು, ಮೇದಪ್ಪಣ್ಣ.
ಎಂಟಕ್ಕೆ ಎರಡು ನಿಮಿಷ. ಸಂಶೀರಿಕ್ಕನಿಗೆ ಕೊಟ್ಟು ಹತ್ತಿ.’

ಹತ್ತಿದೆ. ಯಾಕೆ ಹತ್ತಬಾರದು?
ಇಪ್ಪತ್ತೆರಡು ವರ್ಷ ಕುಶಾಲನಗರ ಮಡಿಕೇರಿ,
ಕಂಬಿ ಹಿಡಿದವನಲ್ಲ ನಾನು. ಎಡಗೈ ಬೆರಳಸಂದಿಗೆ
ಉದ್ದಕ್ಕೆ ಮಡಚಿದ ನೋಟು, ಬಲಗೈಯಲ್ಲಿ ಪೆನ್ನು.
ಬೋಯಿಕೇರಿ ತಿರುವಿನಲ್ಲಿ ಗಾಡಿ ಸೊಂಟ ತಿರುಚಿದರೆ
ಹುಂಜ ಹಿಡಿದ ಅಜ್ಜಿ, ಹುಂಜ, ಮಿಲಿಟರಿಯಿಂದ ಬಂದವರ ಟ್ರಂಕು
ಎಲ್ಲ ಒಂದು ಕಡೆ ರಾಶಿ;
ನಾನು ಮಾತ್ರ ಗಡಿಕಲ್ಲು.

ಹಲಗೆಯ ಮೇಲೆ ಮೂರು ಸೆಕೆಂಡು.
ಒಳಗಿನ ನಾನು ಕಸದ ತೊಟ್ಟಿಗೆ ಹೋಗಿ ಬಿದ್ದೆ.
ಮತ್ತೆ ಗೋಡೆ. ಒಂದು ಕೆಂಪು ಕಾರು.
ಮತ್ತದೇ ತೊಟ್ಟಿ.
ರಕ್ತವಿಲ್ಲ, ಗಾಯವಿಲ್ಲ, ಗೊಂಬೆ ಎದ್ದು ಚಡ್ಡಿ ಕೊಡವಿಕೊಳ್ಳುತ್ತದೆ.
ಮಾನ ಹೋಗುವುದು ಈಚೆಯವನದು.
ಬೆಕ್ಕು ಕೂತು ನೋಡುತ್ತಿತ್ತು.

‘ಅಣ್ಣಾ, ಯಾಕೆ ಕಾಯ್ತೀರಿ?’
ರಿಫಾನ ನನ್ನ ಚರ್ಮದ ಬ್ಯಾಗು ಹಿಡಿದು ಜಗ್ಗಿದಳು.
‘ತಿರುವು ಬರ್ಲಿ ಅಂತ ನಿಂತರೆ ಬರುವುದಿಲ್ಲ.
ನೀವು ವಾಲಿದರೆ ತಿರುವು.
ಇಲ್ಲಿ ಡ್ರೈವರ್ ಇಲ್ಲ.’

ಡ್ರೈವರ್ ಇಲ್ಲ!
ನೆಲ ಅಲುಗದೆ ಮೈ ಅಲುಗಿಸಿದ ನೆನಪೇ ನನಗಿಲ್ಲ.
ತಳ್ಳಿದರೆ ತಡೆದುಕೊಳ್ಳುವ ವಿದ್ಯೆ
ತಳ್ಳುವವರೇ ಇಲ್ಲದ ಕಡೆ ಯಾವ ಬದಿಗೆ ವಾಲೀತು?
ಎಡಕ್ಕೆ ವಾಲಿದೆ, ಬಿದ್ದೇಬಿಡುತ್ತೇನೆ ಅನ್ನುವಷ್ಟು.
ಒಳಗೆ ಇಡೀ ಬೀದಿ ಬಲಕ್ಕೆ ಸರಿದು ನನಗೆ ದಾರಿ ಬಿಟ್ಟಿತು,
ತೊಟ್ಟಿ ಕಿವಿಯ ಪಕ್ಕ ಹಾದುಹೋಯಿತು,
ಮುಂದೆ ಯಾವುದೋ ಸಮುದ್ರ, ಯಾವುದೋ ಊರಿನ ಬಿಸಿಲು...

ಕೆಳಗೆ ಹಾರನ್.

ಚಪ್ಪಲಿ ಅದಲುಬದಲು ಮೆಟ್ಟಿ ಓಡಿದೆ.
‘ಎಲ್ಲಿ ಸತ್ತಿದ್ದೆ ಮಾರಾಯ?’ ಅಂದ ಡ್ರೈವರ್.
ಲೆಕ್ಕ ಸಂದಿತೋ ಇಲ್ಲವೋ ಇನ್ನೂ ತಿಳಿಯದು:
ಅವಳ ಎಂಟು ಸಂಶೀರನಿಗೆ, ಎರಡು ನಿಮಿಷ ನನಗೆ,
ಅವಳಿಗೇನು?
ವೇಬಿಲ್ಲಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಕೆದಕಲ್ ದಾಟಿ, ಮುಂದಿನ ತಿರುವು ಇನ್ನೂ ಒಂದು ಮಾರು ಇರುವಾಗ
ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು
ಎಡಕ್ಕೆ ಚೂರೇ ಚೂರು ವಾಲಿದೆ.
ಗಾಡಿ ತಿರುಗಿತು.

ಹುಂಜ ಮಾತ್ರ ನನ್ನನ್ನೇ ನೋಡುತ್ತಿತ್ತು.